ಗಾಜಿನ ಗುಮ್ಮಟದೊಳಗಿನ ದಾಳ: ವಿದ್ಯುನ್ಮಾನ ಕ್ರ್ಯಾಪ್ಸ್‌ನಲ್ಲಿ ಹೊಸಬರು ಕಡಿಮೆ ಕಳೆದುಕೊಳ್ಳುವ ಕ್ರಮ

ಅಮೆರಿಕದ ಲಾಸ್ ವೇಗಾಸ್ ನಗರಕ್ಕೆ ಪ್ರವಾಸ ಹೋದವರು ಅಲ್ಲಿಯ ಕ್ಯಾಸಿನೊಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲ ಕೇಳಿಬರುವ ಕ್ರ್ಯಾಪ್ಸ್ ಮೇಜಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ, ತಲೆಬುಡ ತಿಳಿಯದೆ ಮುಂದೆ ಸಾಗುವುದು ಸಾಮಾನ್ಯ. ಎರಡು ದಾಳಗಳ ಮೊತ್ತವನ್ನಷ್ಟೇ ಅವಲಂಬಿಸಿದ ಈ ಆಟದ ತಿರುಳು ಸರಳವಾದರೂ, ಮೇಜಿನ ಬಟ್ಟೆಯ ಮೇಲೆ ಹತ್ತಾರು ಬಗೆಯ ಪಣಗಳ ಚೌಕಗಳಿರುತ್ತವೆ. ಸುತ್ತ ನಿಂತವರು ತಮ್ಮದೇ ಪರಿಭಾಷೆಯಲ್ಲಿ ಕೂಗುತ್ತಿರುತ್ತಾರೆ. ಕನಿಷ್ಠ ಪಣವೂ ಅನೇಕ ಕಡೆ 15 ಅಥವಾ 25 ಡಾಲರ್ ಆಗಿರುತ್ತದೆ. ಈ ಮುಜುಗರವನ್ನು ತಪ್ಪಿಸಿಕೊಳ್ಳಲು ಹೊಸಬರು ಬಹುಮಟ್ಟಿಗೆ ವಿದ್ಯುನ್ಮಾನ ಕ್ರ್ಯಾಪ್ಸ್ ಯಂತ್ರದ ಮುಂದಿನ ಕುರ್ಚಿಯನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಕೂಗಾಟವಿಲ್ಲ, ತಪ್ಪು ಮಾಡಿದರೆ ದುರುಗುಟ್ಟಿ ನೋಡುವವರಿಲ್ಲ, ಕನಿಷ್ಠ ಪಣವೂ ಹಲವೆಡೆ 3ರಿಂದ 5 ಡಾಲರ್ ಮಾತ್ರ. ಆದರೆ ತೊಡಕು ಅಲ್ಲಿಯೂ ತಪ್ಪುವುದಿಲ್ಲ: ಅಗ್ಗದ ಪಣವೂ ಜೇಬು ಕತ್ತರಿಸುವ ಪಣವೂ ಪರದೆಯ ಮೇಲೆ ಒಂದೇ ಹೊಳಪಿನಲ್ಲಿ ಕಾಣುವುದರಿಂದ, ಯಾವುದು ಯಾವುದೆಂದು ಯಂತ್ರ ತಾನಾಗಿ ಹೇಳುವುದಿಲ್ಲ.

ಇಲ್ಲಿ ವಿವರಿಸುವ ಕ್ರಮ ಗೆಲ್ಲುವ ಕ್ರಮವಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಬೇಕು. ಕ್ರ್ಯಾಪ್ಸ್‌ನಲ್ಲಿ ದೀರ್ಘಾವಧಿಯ ಲಾಭ ತರುವ ಯಾವ ಉಪಾಯವೂ ಇಲ್ಲ. ಇರುವುದು ಹೆಚ್ಚು ನಷ್ಟದ ದಾರಿ ಮತ್ತು ಕಡಿಮೆ ನಷ್ಟದ ದಾರಿ, ಇವೆರಡೇ. ಇವುಗಳ ನಡುವಿನ ಅಂತರ ಮಾತ್ರ ಬಹಳ ದೊಡ್ಡದು, ಮತ್ತು ಆ ಅಂತರವನ್ನು ತಿಳಿಯಲು ಶಾಲೆಯಲ್ಲಿ ಕಲಿತ ಭಿನ್ನರಾಶಿ ಸಾಕು.

ಯಂತ್ರದ ಸ್ವರೂಪ

ಯುರೋಪಿನ ಹ್ಯಾಝರ್ಡ್ ಎಂಬ ಹಳೆಯ ದಾಳದಾಟದಿಂದ ಹುಟ್ಟಿದ ಕ್ರ್ಯಾಪ್ಸ್, 19ನೆಯ ಶತಮಾನದ ಆರಂಭದ ನ್ಯೂ ಆರ್ಲಿಯನ್ಸ್‌ನಲ್ಲಿ ಬೇರೂರಿ, ನೆವಾಡಾ ರಾಜ್ಯವು 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿದ ಮೇಲೆ ಅಲ್ಲಿಯ ಕ್ಯಾಸಿನೊಗಳ ಮುಖ್ಯ ಆಟಗಳಲ್ಲೊಂದಾಯಿತು. ಅದರ ವಿದ್ಯುನ್ಮಾನ ರೂಪಗಳಲ್ಲಿ ಹೆಚ್ಚು ಪರಿಚಿತವಾದದ್ದು ಗುಮ್ಮಟದ ಯಂತ್ರ. ಇದರ ನಡುವೆ ಪಾರದರ್ಶಕ ಗುಮ್ಮಟವೊಂದಿದ್ದು, ಅದರೊಳಗೆ ಮಾಮೂಲಿಗಿಂತ ದೊಡ್ಡದಾದ ಎರಡು ನಿಜವಾದ ದಾಳಗಳಿರುತ್ತವೆ. ಕೆಳಗಿನ ತಟ್ಟೆ ಥಟ್ಟನೆ ಅದುರಿದಾಗ ಹುರಿಗಡಲೆಯಂತೆ ಮೇಲಕ್ಕೆ ಚಿಮ್ಮಿ ಬೀಳುತ್ತವೆ. ಸುತ್ತಲಿನ ಪ್ರತಿ ಕುರ್ಚಿಗೂ ಒಂದೊಂದು ಸ್ಪರ್ಶಪರದೆ ಮತ್ತು ನೋಟು ನುಂಗುವ ಸೀಳು ಇರುತ್ತದೆ. ಪಣ ಒಡ್ಡಲು ಕೆಲವು ಸೆಕೆಂಡುಗಳ ಗಡುವಿದ್ದು, ಪರದೆಯ ಮೇಲಿನ ಎಣಿಕೆ ಸೊನ್ನೆಗೆ ಇಳಿದೊಡನೆ ಪಣ ಮುಚ್ಚುತ್ತದೆ. ಸರದಿ ಬಂದವರು ಗುಂಡಿ ಒತ್ತಿ ದಾಳವನ್ನು ಎಬ್ಬಿಸುತ್ತಾರೆ. ಇದಲ್ಲದೆ ದಾಳವೇ ಇಲ್ಲದ, ಗಣಕವೇ ಅಂಕಿಗಳನ್ನು ಆರಿಸುವ ಯಂತ್ರಗಳೂ ಉಂಟು. ದಾಳದ ಚಿತ್ರ ತೋರಿಸುವ ಯಂತ್ರದಲ್ಲಿ ಪ್ರತಿ ಮುಖದ ಸಂಭವನೀಯತೆ ನಿಜವಾದ ದಾಳದಷ್ಟೇ ಇರಬೇಕೆಂದು ನೆವಾಡಾದ ನಿಯಮ ಹೇಳುವುದರಿಂದ, ಮುಂದಿನ ಲೆಕ್ಕಗಳು ಅಲ್ಲಿ ಎರಡೂ ಬಗೆಯ ಯಂತ್ರಗಳಿಗೆ ಅನ್ವಯಿಸುತ್ತವೆ.

ಮೂವತ್ತಾರು ಗರಗಳ ಲೆಕ್ಕ

ಪಗಡೆ ಅಥವಾ ಚೌಕಾಬಾರ ಆಡಿದ ಮನೆಗಳಲ್ಲಿ ದಾಳವೋ ಕವಡೆಯೋ ಬಿದ್ದ ಬಗೆಯನ್ನು ಗರ ಎನ್ನುತ್ತಾರೆ. ಆರು ಮುಖಗಳ ಎರಡು ದಾಳಗಳಿಗೆ ಇಂಥ ಗರಗಳು ಒಟ್ಟು 36. ಅವುಗಳಲ್ಲಿ ಮೊತ್ತ 7 ಆಗುವಂಥವು 6. 6 ಮತ್ತು 8ಕ್ಕೆ ತಲಾ 5. 5 ಮತ್ತು 9ಕ್ಕೆ ತಲಾ 4. 4 ಮತ್ತು 10ಕ್ಕೆ ತಲಾ 3. 3 ಮತ್ತು 11ಕ್ಕೆ ತಲಾ 2. 2 ಮತ್ತು 12ಕ್ಕೆ ತಲಾ ಒಂದು ಮಾತ್ರ. ಏಳು ಹೆಚ್ಚು ಬೀಳಲು ಕಾರಣ ದೈವವೂ ಅಲ್ಲ, ಯಂತ್ರದ ಮೋಸವೂ ಅಲ್ಲ. ಮೊದಲ ದಾಳದಲ್ಲಿ ಯಾವ ಮುಖ ಬಿದ್ದರೂ ಅದನ್ನು ಏಳಕ್ಕೆ ಮುಟ್ಟಿಸುವ ಮುಖವೊಂದು ಎರಡನೆಯ ದಾಳದಲ್ಲಿ ಇದ್ದೇ ಇರುತ್ತದೆ. ಬೇರೆ ಯಾವ ಮೊತ್ತಕ್ಕೂ ಈ ಅನುಕೂಲವಿಲ್ಲ. ಇಡೀ ಆಟ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಇನ್ನೊಂದು ಪರಿಕಲ್ಪನೆ ಹೌಸ್ ಎಡ್ಜ್, ಅಂದರೆ ಕ್ಯಾಸಿನೊದ ಪಾಲು. ಒಂದು ಬಗೆಯ ಪಣವನ್ನು ಬಹಳ ಸಲ ಒಡ್ಡಿದರೆ, ಪಣಕ್ಕಿಟ್ಟ ಪ್ರತಿ 100 ಡಾಲರಿನಲ್ಲಿ ಸರಾಸರಿ ಎಷ್ಟು ಕ್ಯಾಸಿನೊದ ಕೈಯಲ್ಲಿ ಉಳಿಯುತ್ತದೆ ಎಂಬುದೇ ಆ ಪಾಲು. ಉದಾಹರಣೆಗೆ, ಮುಂದಿನ ಗರ ಏಳೇ ಎಂದು ಕಟ್ಟುವ ‘ಎನಿ ಸೆವೆನ್’ ಪಣಕ್ಕೆ ಒಂದಕ್ಕೆ ನಾಲ್ಕರಂತೆ ಕೊಡುತ್ತಾರೆ. 36 ಗರಗಳೂ ಒಂದೊಂದು ಸಲ ಬಿದ್ದವೆಂದೂ ಪ್ರತಿಯೊಂದಕ್ಕೂ ಒಂದು ಡಾಲರ್ ಕಟ್ಟಿದೆಯೆಂದೂ ಇಟ್ಟುಕೊಂಡರೆ, ಆರು ಗೆಲುವಿಗೆ 24 ಡಾಲರ್ ಬರುತ್ತದೆ, ಮೂವತ್ತು ಸೋಲಿಗೆ 30 ಡಾಲರ್ ಹೋಗುತ್ತದೆ. 36ರಲ್ಲಿ 6, ಅಂದರೆ ಶೇ 16.67 ಕ್ಯಾಸಿನೊದ್ದಾಗುತ್ತದೆ. ಅದೇ ಪರದೆಯ ಮೇಲೆ, ಒಂದೆರಡು ಅಂಗುಲದ ಆಚೆ ಇರುವ ‘ಪಾಸ್ ಲೈನ್’ ಪಣದಲ್ಲಿ ಆ ಪಾಲು ಶೇ 1.41. ಹನ್ನೆರಡು ಪಟ್ಟಿಗೆ ಹತ್ತಿರವಾದ ಈ ವ್ಯತ್ಯಾಸವೇ ಮುಂದಿನ ಕ್ರಮಕ್ಕೆ ಆಧಾರ.

ಹೊಸಬರಿಗೆ ಹೊಂದುವ ಕ್ರಮ

1. ಪಾಸ್ ಲೈನ್ ಮೇಲೆ, ಯಂತ್ರ ಒಪ್ಪುವ ಕನಿಷ್ಠ ಮೊತ್ತ ಮಾತ್ರ. ಸುತ್ತಿನ ಮೊದಲ ಗರವನ್ನು ‘ಕಮ್ ಔಟ್’ ಎನ್ನುತ್ತಾರೆ. ಅದರಲ್ಲಿ 7 ಅಥವಾ 11 ಬಿದ್ದರೆ ಪಾಸ್ ಲೈನ್ ಗೆಲ್ಲುತ್ತದೆ. 2, 3 ಅಥವಾ 12 ಬಿದ್ದರೆ ಸೋಲುತ್ತದೆ. ಬೇರೆ ಯಾವುದೇ ಮೊತ್ತ ಬಿದ್ದರೆ ಅದು ‘ಪಾಯಿಂಟ್’ ಆಗಿ ನಿಲ್ಲುತ್ತದೆ. ಆಮೇಲೆ ಪಾಯಿಂಟ್ ಮತ್ತೆ ಬಿದ್ದರೆ ಗೆಲುವು, ಅದಕ್ಕೆ ಮೊದಲು 7 ಬಿದ್ದರೆ ಸೋಲು. ನಡುವೆ ಬೀಳುವ ಇತರ ಗರಗಳಿಗೆ ಈ ಪಣದ ಮಟ್ಟಿಗೆ ಯಾವ ಅರ್ಥವೂ ಇಲ್ಲ. ಗೆದ್ದರೆ ಪಣದಷ್ಟೇ ಹಣ ಸೇರಿ ಬರುತ್ತದೆ. ಗಮನಿಸಬೇಕಾದ ಅಂಶವೆಂದರೆ, ಮೊದಲ ಗರದಲ್ಲಿ ಆಟಗಾರನ ಪರವಾಗಿ 8 ಗರಗಳಿದ್ದು ವಿರುದ್ಧವಾಗಿ 4 ಮಾತ್ರ ಇರುತ್ತವೆ. ಪಾಯಿಂಟ್ ನಿಂತ ಮೇಲೆ ತಕ್ಕಡಿ ಕ್ಯಾಸಿನೊದ ಕಡೆಗೆ ವಾಲುತ್ತದೆ. ಎರಡೂ ಹಂತಗಳನ್ನು ಕೂಡಿಸಿದರೆ 495 ಸುತ್ತುಗಳಲ್ಲಿ ಸರಾಸರಿ 244 ಗೆಲುವು, 251 ಸೋಲು. ಪಾಯಿಂಟ್ ನಿಂತ ಮೇಲೆ ಪಾಸ್ ಲೈನ್ ಪಣವನ್ನು ಹಿಂದೆಗೆಯಲು ಬಿಡದಿರುವುದಕ್ಕೆ ಕಾರಣವೂ ಇದೇ: ಅನುಕೂಲದ ಹಂತವನ್ನು ಅನುಭವಿಸಿ ಪ್ರತಿಕೂಲದ ಹಂತದಲ್ಲಿ ಜಾರಿಕೊಳ್ಳುವ ಅವಕಾಶ ಯಾರಿಗೂ ಸಿಗುವುದಿಲ್ಲ.

2. ಪಾಯಿಂಟ್ ನಿಂತ ಮೇಲೆ, ಅದೇ ಪಣಕ್ಕೆ ಸರಿಸಮನಾದ ಒಂದು ‘ಆಡ್ಸ್’ ಪಣ. ಆಡ್ಸ್ ಎಂದರೆ ಪಾಸ್ ಲೈನಿನ ಬೆನ್ನಿಗೆ ಇಡುವ ಪೂರಕ ಪಣ. ಇದಕ್ಕೆ ಕ್ಯಾಸಿನೊ ಯಾವ ಪಾಲನ್ನೂ ಇಟ್ಟುಕೊಳ್ಳದೆ, ನಿಜವಾದ ಸಂಭವನೀಯತೆಯ ಪ್ರಕಾರವೇ ಹಣ ಕೊಡುತ್ತದೆ: ಪಾಯಿಂಟ್ 4 ಅಥವಾ 10 ಆದರೆ ಒಂದಕ್ಕೆ ಎರಡು, 5 ಅಥವಾ 9 ಆದರೆ ಎರಡಕ್ಕೆ ಮೂರು, 6 ಅಥವಾ 8 ಆದರೆ ಐದಕ್ಕೆ ಆರು. ಪಾಸ್ ಲೈನಿನಲ್ಲಿ 5 ಡಾಲರ್ ಇಟ್ಟ ಒಂದು ಸುತ್ತಿನ ಸರಾಸರಿ ವೆಚ್ಚ ಸುಮಾರು 7 ಸೆಂಟ್. ಅದರ ಹಿಂದೆ 5 ಡಾಲರ್ ಆಡ್ಸ್ ಇಟ್ಟರೂ ವೆಚ್ಚ ಅದೇ 7 ಸೆಂಟ್. ಹಾಗಾದರೆ ಯಂತ್ರ ಬಿಟ್ಟಷ್ಟೂ ಆಡ್ಸ್ ಇಡಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ, ಮತ್ತು ಆಟದ ಬಗೆಗಿನ ಅನೇಕ ಬರಹಗಳು ಹಾಗೆಯೇ ಸಲಹೆ ಕೊಡುತ್ತವೆ. ಆದರೆ ಕ್ಯಾಸಿನೊದ ಪಾಲು ಸೊನ್ನೆಯಾದ ಮಾತ್ರಕ್ಕೆ ಅಪಾಯ ಸೊನ್ನೆಯಾಗುವುದಿಲ್ಲ. 7 ಬಿದ್ದಾಗ ಆಡ್ಸ್ ಹಣವೂ ಪೂರ್ತಿ ಕೊಚ್ಚಿಹೋಗುತ್ತದೆ. ಸಣ್ಣ ಗಂಟು ಹಿಡಿದು ಕೂತವರಿಗೆ ಸರಾಸರಿಯ ಲೆಕ್ಕಕ್ಕಿಂತ ಏರಿಳಿತದ ಪೆಟ್ಟೇ ಮೊದಲು ತಗಲುವುದರಿಂದ, ಆಡ್ಸ್ ಒಂದು ಪಟ್ಟಿಗೆ ನಿಲ್ಲುವುದು ಕ್ಷೇಮ.

3. ಒಂದು ಸುತ್ತು ಮುಗಿಯುವವರೆಗೆ ಬೇರೆ ಪಣವಿಲ್ಲ. ‘ಕಮ್’ ಎಂಬ ಪಣ ಪಾಸ್ ಲೈನಿನಷ್ಟೇ ಅಗ್ಗವಾದದ್ದು. 6 ಮತ್ತು 8ರ ಮೇಲಿನ ‘ಪ್ಲೇಸ್’ ಪಣಕ್ಕೂ, ಆರು ಡಾಲರಿಗೆ ಏಳು ಕೊಡುವುದರಿಂದ, ಕ್ಯಾಸಿನೊದ ಪಾಲು ಶೇ 1.52 ಮಾತ್ರ. ಲೆಕ್ಕದ ಪ್ರಕಾರ ಇವು ಕೆಟ್ಟ ಪಣಗಳಲ್ಲ. ಆದರೂ ಹೊಸಬರು ಇವನ್ನು ಬದಿಗಿಡಬೇಕು, ಏಕೆಂದರೆ ಪಾಯಿಂಟ್ ನಿಂತ ಮೇಲೆ ಬೀಳುವ ಒಂದೇ ಒಂದು 7 ಅಲ್ಲಿಯವರೆಗೆ ನೆಲೆಯೂರಿದ ಎಲ್ಲ ಪಣಗಳನ್ನೂ ಒಟ್ಟಿಗೆ ಗುಡಿಸಿಹಾಕುತ್ತದೆ, ಮತ್ತು ಆ 7 ಸರಾಸರಿ ಆರು ಗರಗಳಿಗೊಮ್ಮೆ ಬೀಳುತ್ತಲೇ ಇರುತ್ತದೆ.

4. ಗಂಟು ಮೊದಲೇ ಕಟ್ಟಿರಬೇಕು. 5 ಡಾಲರಿನ ಪಾಸ್ ಲೈನ್ ಮತ್ತು ಅಷ್ಟೇ ಆಡ್ಸ್ ಇಡುವವರಿಗೆ ಒಂದು ಕೂತಾಟಕ್ಕೆ 100 ಡಾಲರ್ ಸೂಕ್ತ ಮಿತಿ. ಇದನ್ನು ಒಟ್ಟಿಗೆ ಯಂತ್ರಕ್ಕೆ ಉಣಿಸದೆ 20 ಡಾಲರಿನ ಒಂದೊಂದೇ ನೋಟನ್ನು ಹಾಕುವುದು ಮೇಲು. ನೋಟು ಪರದೆಯ ಮೇಲಿನ ಅಂಕಿಯಾಗಿ ಬದಲಾದೊಡನೆ ಅದು ದುಡಿದ ಹಣವೆಂಬ ಅರಿವು ಮಸುಕಾಗುತ್ತದೆ, ಮತ್ತೊಂದು ನೋಟಿಗಾಗಿ ಕೈ ಜೇಬಿಗೆ ಹೋದಾಗ ಆ ಅರಿವು ಮರಳುತ್ತದೆ. ಗಂಟು ಮುಗಿದರೆ ಅಂದಿನ ಆಟ ಮುಗಿಯಿತು. ಗೆದ್ದು 50 ಡಾಲರ್ ಮೇಲಾದಾಗಲೂ, ಕೂತು ಒಂದು ಗಂಟೆಯಾದಾಗಲೂ ಎದ್ದುಬಿಡುವ ನಿಶ್ಚಯ ಕೂರುವ ಮೊದಲೇ ಆಗಿರಬೇಕು.

ಒಂದು ಸುತ್ತು ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಕ್ರಮ ಮನಸ್ಸಿಗೆ ಇಳಿಯುತ್ತದೆ. ಪರದೆಯ ಮೂಲೆಯಲ್ಲಿ ‘ಆಫ್’ ಎಂದು ಬರೆದ ಕಪ್ಪು ಬಿಲ್ಲೆ ಕಾಣುತ್ತಿದ್ದರೆ ಸುತ್ತು ಇನ್ನೂ ಆರಂಭವಾಗಿಲ್ಲ ಎಂದರ್ಥ. ಆಟಗಾರ 5 ಡಾಲರಿನ ಬಿಲ್ಲೆಯ ಚಿತ್ರವನ್ನು ಮುಟ್ಟಿ, ಬಳಿಕ ಪಾಸ್ ಲೈನ್ ಪಟ್ಟಿಯನ್ನು ಮುಟ್ಟುತ್ತಾನೆ. ದಾಳಗಳು ಚಿಮ್ಮಿ 5 ಮತ್ತು 4 ತೋರಿಸುತ್ತವೆ, ಮೊತ್ತ 9. ಬಿಲ್ಲೆ ಬಿಳಿಯಾಗಿ ‘ಆನ್’ ಎಂದು ತೋರಿಸುತ್ತ 9ರ ಚೌಕಕ್ಕೆ ಹೋಗಿ ಕೂರುತ್ತದೆ. ಈಗ ಪಾಸ್ ಲೈನಿನ ಹಿಂದಿನ ಜಾಗವನ್ನು ಮುಟ್ಟಿ 4 ಡಾಲರ್ ಆಡ್ಸ್ ಇಡಲಾಗುತ್ತದೆ. 5ರ ಬದಲು 4 ಇಡುವುದೇಕೆಂದರೆ, ಎರಡಕ್ಕೆ ಮೂರರ ಲೆಕ್ಕದಲ್ಲಿ ಸಮಸಂಖ್ಯೆಗೆ ಚಿಲ್ಲರೆ ಉಳಿಯುವುದಿಲ್ಲ, ಸೆಂಟುಗಳನ್ನು ಕೊಡದೆ ಕೆಳಕ್ಕೆ ಸರಿಹೊಂದಿಸುವ ಯಂತ್ರವಾದರೂ ನಷ್ಟವಾಗುವುದಿಲ್ಲ. ಮುಂದಿನ ಗರ 6 ಮತ್ತು 2, ಮೊತ್ತ 8: ಏನೂ ಆಗುವುದಿಲ್ಲ. ಅದರ ಮುಂದಿನದು 1 ಮತ್ತು 1. ಇಲ್ಲಿ ಹೊಸಬರ ಎದೆ ಧಸಕ್ಕೆನ್ನುತ್ತದೆ, ಆದರೆ 2 ಸೋಲಿಸುವುದು ಕಮ್ ಔಟ್ ಗರದಲ್ಲಿ ಮಾತ್ರ. ಈಗ ಅದು ಲೆಕ್ಕಕ್ಕಿಲ್ಲ. ಬಳಿಕ 6 ಮತ್ತು 3 ಬಿದ್ದು ಪಾಯಿಂಟ್ ಕೂಡಿಬಂದರೆ ಪಾಸ್ ಲೈನಿಗೆ 5, ಆಡ್ಸಿಗೆ 6, ಒಟ್ಟು 11 ಡಾಲರ್ ಲಾಭ. ಅದರ ಬದಲು 4 ಮತ್ತು 3 ಬಿದ್ದಿದ್ದರೆ 9 ಡಾಲರ್ ನಷ್ಟ.

ಪಾಸ್ ಲೈನಿಗೆ ಬದಲಾಗಿ ‘ಡೋಂಟ್ ಪಾಸ್’ ಆಯ್ದುಕೊಳ್ಳುವುದೂ ಸಾಧ್ಯ. ಅದು ಬಹುಪಾಲು ಪಾಸ್ ಲೈನಿನ ತಿರುವು: ಕಮ್ ಔಟ್‌ನಲ್ಲಿ 7 ಮತ್ತು 11 ಸೋಲು, 2 ಮತ್ತು 3 ಗೆಲುವು, 12ಕ್ಕೆ ಗೆಲುವೂ ಇಲ್ಲ ಸೋಲೂ ಇಲ್ಲ, ಪಾಯಿಂಟ್ ನಿಂತ ಮೇಲೆ 7 ಬಿದ್ದರೆ ಗೆಲುವು. ಕ್ಯಾಸಿನೊದ ಪಾಲು ಶೇ 1.36, ಅಂದರೆ ಕೂದಲೆಳೆಯಷ್ಟು ಕಡಿಮೆ. ಮೇಜಿನ ಆಟದಲ್ಲಿ ಎಲ್ಲರೂ ಪಾಯಿಂಟಿಗಾಗಿ ಹಾರೈಸುತ್ತಿರುವಾಗ ಏಳನ್ನು ಬಯಸುವವನನ್ನು ಅಪಶಕುನದವನಂತೆ ನೋಡುವ ರೂಢಿಯಿದೆ. ಯಂತ್ರದಲ್ಲಿ ಒಬ್ಬರ ಪಣ ಇನ್ನೊಬ್ಬರಿಗೆ ಕಾಣದ ಕಾರಣ ಆ ಇರಿಸುಮುರಿಸು ಇಲ್ಲ. ಯಾವುದನ್ನು ಆಯ್ದುಕೊಂಡರೂ ಒಂದಕ್ಕೇ ಅಂಟಿಕೊಳ್ಳುವುದು ಮುಖ್ಯ.

ಬೆರಳು ಹೋಗಬಾರದ ಚೌಕಗಳು

ಪರದೆಯ ನಡುಭಾಗದಲ್ಲಿ ಕಾಣುವ ದೊಡ್ಡ ಸಂಖ್ಯೆಗಳು, ಅಂದರೆ ಒಂದಕ್ಕೆ ಮೂವತ್ತು, ಒಂದಕ್ಕೆ ಒಂಬತ್ತು, ಒಂದಕ್ಕೆ ಏಳು ಎಂಬ ಆಹ್ವಾನಗಳೇ ಅತಿ ದುಬಾರಿ. 2 ಅಥವಾ 12ಕ್ಕೆ ಒಂದಕ್ಕೆ ಮೂವತ್ತರಂತೆ ಕೊಟ್ಟಾಗ ಕ್ಯಾಸಿನೊದ ಪಾಲು ಶೇ 13.89. ಎರಡು ದಾಳಗಳೂ ಒಂದೇ ಮುಖ ತೋರಿಸಿ ಮೊತ್ತ ಕೂಡಬೇಕೆಂಬ ‘ಹಾರ್ಡ್‌ವೇ’ ಪಣಗಳಲ್ಲಿ 6 ಮತ್ತು 8ಕ್ಕೆ ಶೇ 9.09, 4 ಮತ್ತು 10ಕ್ಕೆ ಶೇ 11.11. ‘ಫೀಲ್ಡ್’ ಎಂಬ ಉದ್ದನೆಯ ಪಟ್ಟಿ ಏಳು ಸಂಖ್ಯೆಗಳನ್ನು ತೋರಿಸಿ ಉದಾರವಾಗಿ ಕಾಣುತ್ತದೆಯಾದರೂ, ಆ ಏಳೂ ಸೇರಿ 16 ಗರಗಳಷ್ಟೇ. ಬಿಟ್ಟುಹೋದ ನಾಲ್ಕು ಸಂಖ್ಯೆಗಳಿಗೆ 20 ಗರಗಳು. 2 ಮತ್ತು 12 ಎರಡಕ್ಕೂ ದುಪ್ಪಟ್ಟು ಕೊಡುವ ಯಂತ್ರದಲ್ಲಿ ಇದರ ಪಾಲು ಶೇ 5.56, ಎರಡರಲ್ಲಿ ಒಂದಕ್ಕೆ ಮೂರು ಪಟ್ಟು ಕೊಡುವಲ್ಲಿ ಶೇ 2.78.

‘ಕ್ರ್ಯಾಪ್‌ಲೆಸ್’ ಎಂಬ ಹೆಸರಿನ ರೂಪವನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ 2, 3, 12 ಬಿದ್ದರೆ ತಕ್ಷಣ ಸೋಲಿಲ್ಲ ಎಂಬುದು ಕೇಳಲು ಹಿತವಾಗಿದೆ. ಆದರೆ 11ಕ್ಕೆ ತಕ್ಷಣದ ಗೆಲುವೂ ಇಲ್ಲವಾಗಿ, ಈ ನಾಲ್ಕೂ ಅತಿ ಕಷ್ಟದ ಪಾಯಿಂಟ್‌ಗಳಾಗಿ ನಿಲ್ಲುವುದರಿಂದ ಪಾಸ್ ಲೈನಿನ ಪಾಲು ಶೇ 1.41ರಿಂದ 5.38ಕ್ಕೆ ಏರುತ್ತದೆ. ಕೂರುವ ಮೊದಲು ಯಂತ್ರದ ಹೆಸರನ್ನೂ, ಸಹಾಯದ ಗುಂಡಿ ಒತ್ತಿದರೆ ತೆರೆಯುವ ಪಾವತಿಯ ಪಟ್ಟಿಯನ್ನೂ ಓದಲು ಎರಡು ನಿಮಿಷ ಕೊಡುವುದು ಈ ಕಾರಣಕ್ಕೆ ಅಗತ್ಯ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೋತಾಗಲೆಲ್ಲ ಪಣವನ್ನು ದುಪ್ಪಟ್ಟು ಮಾಡುತ್ತ ಹೋದರೆ ಒಂದಲ್ಲ ಒಂದು ಸಲ ಎಲ್ಲವೂ ಮರಳುತ್ತದೆ ಎಂಬ ನಂಬಿಕೆ ಅತ್ಯಂತ ಹಾನಿಕರವಾದದ್ದು. 5 ಡಾಲರಿನಿಂದ ಆರಂಭಿಸಿದವನು ಆರು ಸಲ ಸತತವಾಗಿ ಸೋತರೆ ಕಳೆದುಕೊಂಡದ್ದು 315 ಡಾಲರ್. ಏಳನೆಯ ಪಣಕ್ಕೆ 320 ಡಾಲರ್ ಬೇಕು, ಮತ್ತು ಗೆದ್ದರೂ ಒಟ್ಟು ಲಾಭ 5 ಡಾಲರ್ ಮಾತ್ರ. ಪಾಸ್ ಲೈನಿನಲ್ಲಿ ಹೀಗೆ ಆರು ಸೋಲಿನ ಸರಣಿ ಬರುವ ಸಾಧ್ಯತೆ, ಸರಣಿ ಆರಂಭಿಸಿದ ಪ್ರತಿ ಸಲವೂ, ಸುಮಾರು 59ರಲ್ಲಿ ಒಂದು. ಕೆಲವು ಸಂಜೆಗಳ ಆಟದಲ್ಲಿ ಅದು ಎದುರಾಗದಿದ್ದರೆ ಅದೃಷ್ಟವೆನ್ನಬೇಕು.

ಹಿಂದಿನ ಗರಗಳ ಪಟ್ಟಿಯನ್ನು ಯಂತ್ರವೇ ಪರದೆಯ ಮೇಲೆ ತೋರಿಸುತ್ತಿರುತ್ತದೆ, ಮತ್ತು ಅದನ್ನು ನೋಡಿ ಮುಂದಿನದನ್ನು ಊಹಿಸುವವರು ಬಹಳ. ದಾಳಕ್ಕೆ ನೆನಪಿಲ್ಲ, ಹತ್ತು ಗರಗಳಿಂದ ಏಳು ಬೀಳಲಿಲ್ಲವೆಂದರೂ ಹನ್ನೊಂದನೆಯ ಗರದಲ್ಲಿ ಅದರ ಸಾಧ್ಯತೆ ಆರರಲ್ಲಿ ಒಂದೇ. ಇನ್ನು ಕೆಲವರು ಪಾಯಿಂಟ್ ನಿಂತ ಮೇಲೆ ಬಂದು ಕೂತು, ಯಂತ್ರ ಒಪ್ಪುತ್ತದೆಂದು ಆಗಲೇ ಪಾಸ್ ಲೈನಿನಲ್ಲಿ ಪಣ ಇಡುತ್ತಾರೆ. ಇದರಿಂದ ಅನುಕೂಲದ ಮೊದಲ ಹಂತ ಕೈತಪ್ಪಿ, ಪ್ರತಿಕೂಲದ ಹಂತವಷ್ಟೇ ಪಾಲಿಗೆ ಬರುತ್ತದೆ. ‘ಆಫ್’ ಬಿಲ್ಲೆ ಕಾಣುವವರೆಗೆ ಕಾಯುವುದೇ ಸರಿ.

ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರಿಕೆ ಬೇಕಾಗಿರುವುದು ವೇಗದ ವಿಷಯದಲ್ಲಿ. ಗಂಟೆಗೆ 100 ಗರಗಳು ಬೀಳುತ್ತವೆ ಎಂದುಕೊಂಡರೆ, ಪಾಸ್ ಲೈನಿನ ಒಂದು ತೀರ್ಮಾನಕ್ಕೆ ಸರಾಸರಿ 3.4 ಗರಗಳು ಬೇಕಾಗುವುದರಿಂದ, ಆ ಗಂಟೆಯಲ್ಲಿ ಸುಮಾರು 30 ಸುತ್ತು ಮುಗಿಯುತ್ತವೆ. 5 ಡಾಲರಿನ ಪಣಕ್ಕೆ ಸರಾಸರಿ ನಷ್ಟ 2 ಡಾಲರ್ ಮಾತ್ರ. ಅದೇ 5 ಡಾಲರನ್ನು ಪ್ರತಿ ಗರಕ್ಕೂ ‘ಎನಿ ಸೆವೆನ್’ ಮೇಲೆ ಇಟ್ಟರೆ ಸರಾಸರಿ ನಷ್ಟ 83 ಡಾಲರ್. ಹಿಂದಿನ ಪಣವನ್ನೇ ಮರುಕಳಿಸುವ ಗುಂಡಿ ಒಂದು ಸ್ಪರ್ಶಕ್ಕೆ ಸಿಗುವುದರಿಂದ, ಕುತೂಹಲಕ್ಕೆಂದು ಒಮ್ಮೆ ಇಟ್ಟ ಕೆಟ್ಟ ಪಣವೂ ಸುತ್ತಿನಿಂದ ಸುತ್ತಿಗೆ ತಾನಾಗಿ ಮುಂದುವರಿಯುತ್ತದೆ. ಆ ಗುಂಡಿಯನ್ನು ಮುಟ್ಟದಿರುವುದೇ ಒಳ್ಳೆಯದು. ಯಾವ ಸುತ್ತನ್ನಾದರೂ ಬಿಟ್ಟು ಸುಮ್ಮನೆ ನೋಡುತ್ತ ಕೂರಲು ಅಡ್ಡಿಯಿಲ್ಲ. ಎರಡು ಡಾಲರಿನ ಸರಾಸರಿಯನ್ನೂ ಭರವಸೆಯೆಂದು ತಿಳಿಯಬಾರದು: ಆಡ್ಸ್ ಇಲ್ಲದೆ ಆಡಿದ 30 ಸುತ್ತುಗಳಲ್ಲಿ ಮೂರರಲ್ಲಿ ಎರಡು ಪಾಲು ಸಂದರ್ಭಗಳು ಸುಮಾರು 29 ಡಾಲರ್ ನಷ್ಟ ಮತ್ತು 25 ಡಾಲರ್ ಲಾಭದ ನಡುವೆ ಬೀಳುತ್ತವೆ, ಉಳಿದವು ಅದರಾಚೆಗೆ ಹೋಗುತ್ತವೆ. ಕ್ಯಾಸಿನೊದವರು ಆಡುವವರಿಗೆ ಪುಕ್ಕಟೆಯಾಗಿ ತಂದುಕೊಡುವ ಮದ್ಯವನ್ನು ಕುಡಿಯುತ್ತ ಈ ಮಿತಿಗಳನ್ನು ಪಾಲಿಸುವುದು ಕಷ್ಟ.

ಕಾನೂನು ಮತ್ತು ಸ್ವಂತದ ಎಚ್ಚರ

ಈ ವಿವರಣೆ ಪರವಾನಗಿಯುಳ್ಳ ಕ್ಯಾಸಿನೊಗಳಿಗೆ ಮಾತ್ರ ಸಲ್ಲುತ್ತದೆ. ನೆವಾಡಾದಲ್ಲಿ ಜೂಜಾಡಲು 21 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ ಕ್ಯಾಸಿನೊಗಳಿಲ್ಲ, ಕೌಶಲವಿಲ್ಲದೆ ಅದೃಷ್ಟವನ್ನೇ ನೆಚ್ಚಿದ, ಹಣ ಕಟ್ಟಿ ಆಡುವ ದಾಳದಾಟ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ವ್ಯಾಪ್ತಿಗೆ ಬರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರದ 2025ರ ಕಾಯ್ದೆ ದೇಶದಾದ್ಯಂತ ನಿಷೇಧಿಸಿದೆ. ಆದ್ದರಿಂದ ಮೊಬೈಲಿನಲ್ಲಿ ಇದೇ ಆಟವನ್ನು ಹಣಕ್ಕಾಗಿ ಆಡಿಸುತ್ತೇವೆಂದು ಬರುವ ಆಹ್ವಾನಗಳಿಂದ ದೂರವಿರಬೇಕು. ಅಭ್ಯಾಸ ಬೇಕೆನಿಸಿದರೆ ಮನೆಯಲ್ಲಿ ಎರಡು ದಾಳ, ಒಂದು ಹಿಡಿ ಹುಣಸೆಬೀಜ ಮತ್ತು ಗರಗಳನ್ನು ಬರೆದುಕೊಳ್ಳಲು ಒಂದು ಹಾಳೆ ಸಾಕು. ನೂರು ಗರ ಹಾಕಿ ಬರೆದು ನೋಡಿದವರಿಗೆ ಏಳಿನ ಬಲ ಯಾರೂ ಹೇಳದೆ ತಿಳಿಯುತ್ತದೆ. ಸಾಲ ಮಾಡಿ ಆಡಿದ, ಸೋತದ್ದನ್ನು ಮನೆಯವರಿಂದ ಮುಚ್ಚಿಟ್ಟ, ಕಳೆದದ್ದನ್ನು ಮರಳಿ ಪಡೆಯಲೆಂದೇ ಮತ್ತೆ ಹೋದ ಅನುಭವ ಹಿಂದೆ ಒಮ್ಮೆಯಾದರೂ ಆಗಿದ್ದವರಿಗೆ ಮಾತ್ರ ಇಲ್ಲಿ ಹೇಳಿದ ಕ್ರಮವೂ ತಕ್ಕದ್ದಲ್ಲ. ಅವರು ಆ ಕುರ್ಚಿಯಲ್ಲಿ ಕೂರಲೇಬಾರದು.

ಏಳುವಾಗ

ಪಾಯಿಂಟ್ ನಿಂತಿರುವಾಗ ಎದ್ದು ಹೋಗಬೇಕಾಗಿ ಬಂದರೆ ಆಡ್ಸ್ ಹಣವನ್ನು ಹಿಂದಕ್ಕೆ ಪಡೆಯಬಹುದು, ಆದರೆ ಪಾಸ್ ಲೈನಿನ ಹಣ ಸುತ್ತು ಮುಗಿಯುವವರೆಗೆ ಅಲ್ಲೇ ಇರುತ್ತದೆ. ಹೀಗಾಗಿ ಕೊನೆಯ ಸುತ್ತೆಂದು ತೀರ್ಮಾನಿಸಿದ ಮೇಲೆ ಅದು ಮುಗಿಯಲು ಕಾಯುವುದೇ ವಾಡಿಕೆ. ಬಳಿಕ ‘ಕ್ಯಾಶ್ ಔಟ್’ ಒತ್ತಿದಾಗ ಯಂತ್ರ ನೋಟುಗಳನ್ನು ಕೊಡದೆ, ಉಳಿದ ಮೊತ್ತವನ್ನು ಮುದ್ರಿಸಿದ ಒಂದು ಚೀಟಿಯನ್ನು ಹೊರಹಾಕುತ್ತದೆ. ಆ ಚೀಟಿ ಹಿಡಿದವರ ಸೊತ್ತು, ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ಪಕ್ಕದ ಯಂತ್ರದ ಸೀಳು ಅದನ್ನು ನೋಟಿನಷ್ಟೇ ಸಲೀಸಾಗಿ ನುಂಗಬಲ್ಲದು, ಮತ್ತು ಅದಕ್ಕೆ ವಾಯಿದೆಯೂ ಇರುತ್ತದೆ. ಸೀಳಿನಿಂದ ಹೊರಬಂದ ಚೀಟಿಯನ್ನು ಕೈಯಲ್ಲೇ ಹಿಡಿದು, ದಾರಿಯಲ್ಲಿ ಬೇರಾವ ಯಂತ್ರದ ಮುಂದೆಯೂ ನಿಲ್ಲದೆ ನೇರವಾಗಿ ಹಣ ಕೊಡುವ ಕಿಟಕಿಗೆ ಹೋಗಿ, ನಗದು ಎಣಿಸಿಕೊಂಡು ಹೊರಬರಬೇಕು.